ಜಾರ್ ಅಂದರೆ ನೆರೆಮನೆಯವರು

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವವಳು. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದು, ನಿಗಡಿಯಲ್ಲಿ ಮನೆ ಕಟ್ಟಿ, ತಲೆ ಬೆಳ್ಳಗಾಗುವವರೆಗೆ ಬಾಳಿದರೂ ಈ ಗುಣ ಬಿಡಲಿಲ್ಲ. ‘ನಿನ್ನ ನೆರಳು ಕಂಡು ನೀನ ಅಂಜತಿ’ ಎಂದು ನಮ್ಮನೆಯವರು ನಗುತ್ತಾರೆ. ನಗಲಿ. ನಾನು ಅಂಜಿದ್ದರಲ್ಲಿ ಅರ್ಧದಷ್ಟಾದರೂ ನಿಜವಾಗಿದೆ.

ಎಲ್ಲಕ್ಕಿಂತ ನಾನು ಹೆಚ್ಚು ಅಂಜುವುದು ಬಾಯಿಗೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಇಲ್ಲಿಗೆ ಕರೆತಂದ ದಿನದಿಂದ ಅದು ಶುರುವಾಯಿತು. ಗಡಿಯ ಗಲಾಟೆ ಮತ್ತೆ ಎದ್ದಿದ್ದ ದಿನಗಳವು. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ನಮ್ಮ ಕಡೆಯ ಬಸ್ಸಿನ ಮೇಲಿನ ಕನ್ನಡ ಅಕ್ಷರಗಳಿಗೆ ಯಾರೋ ಕರಿ ಬಣ್ಣ ಬಳಿದಿದ್ದರು. ಅಲ್ಲಿಂದ ನಿಗಡಿಗೆ ಸಿಟಿ ಬಸ್ಸು ಹತ್ತಿದೆವು. ಅವ್ವನದು ಹೊಲದಲ್ಲಿ ಆಳುಗಳನ್ನು ಕೂಗಿ ಕರೆದ ಗಂಟಲು. ‘ಯವ್ವಾ, ಏನ್ ಗಾಡಿ, ಏನ್ ಮಂದಿ, ಇವರೆಲ್ಲ ಎಲ್ಲಿಗೆ ಹೊಂಟಾರ?’ ಎಂದು ಇಡೀ ಬಸ್ಸಿಗೆ ಕೇಳುವಂತೆ ಕನ್ನಡದಲ್ಲಿ ಶುರುಮಾಡಿದಳು. ಹಿಂದಿನ ಸೀಟಿನವನು ಮುಂದಕ್ಕೆ ಬಾಗಿ, ಯಾವ ಊರಿನವರು ನೀವು ಎಂದು ಮರಾಠಿಯಲ್ಲಿ ಕೇಳಿದ. ಅವ್ವನ ಕನ್ನಡ ಎಲ್ಲರಿಗೂ ಕೇಳಿದ್ದರೂ ನಾನು ಅಂಜಿ, ಪುಣೆಯ ಪಕ್ಕದ ‘ಸಾಸವಡ’ ಎಂದು ಸುಳ್ಳು ಹೇಳಿಬಿಟ್ಟೆ. ಅವನು ಅವ್ವನ ಕಡೆ ತಿರುಗಿ, ಆಜೀ, ಪುಣೆ ಹೇಗಿದೆ ಎಂದ. ಅವ್ವ ತನಗೆ ಗೊತ್ತಿದ್ದ ಒಂದೇ ಮರಾಠಿ ಮಾತನ್ನು ಖುಷಿಯಿಂದ ಆಡಿದಳು: ‘ಚಾಂಗಲಾ’, ಅಂದರೆ ಚೆನ್ನಾಗಿದೆ.

ಮರಾಠಿಯವರು ಆ ‘ಚ’ವನ್ನು ಹಾಗೆ ಅನ್ನುವುದಿಲ್ಲ. ನಾಲಿಗೆಯನ್ನು ಹಲ್ಲಿಗೆ ತಾಗಿಸಿ ‘ತ್ಸ’ ಎನ್ನುವ ಹಾಗೆ ಅನ್ನುತ್ತಾರೆ. ‘ಜ’ಕ್ಕೂ ಅಂಥದೇ ಇನ್ನೊಂದು ಉಲಿ ಇದೆ. ನಮ್ಮ ಬಾಯಲ್ಲಿ ಅವು ತಿರುಗುವುದಿಲ್ಲ. ಸಾಸವಡದ ಯಾವ ಮುದುಕಿಯೂ ‘ಚಾಂಗಲಾ’ ಎಂದು ಚಾಕುವಿನ ‘ಚ’ ಹಾಕಿ ಹೇಳುವುದಿಲ್ಲ. ಅವನು ನನ್ನ ಮುಖ ನೋಡಿದ. ಅವನು ಏನೂ ಮಾಡಲಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದು ಹೋದ. ಆದರೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಅವ್ವನಿಗೆ ಹೇಳಿದ್ದೆ: ‘ಇನ್ನ ಮ್ಯಾಲ ಬಸ್ಸಿನಾಗ ಬಾಯಿ ಮುಚ್ಚಿಕೊಂಡು ಕುಂದ್ರು. ಯಾರರ ಏನರ ಕೇಳಿದ್ರ ನನ್ನ ಕಡೆ ನೋಡು, ನಾ ಮಾತಾಡ್ತೀನಿ.’

ಅವ್ವ ‘ಆತು ಬಿಡವಾ’ ಎಂದಳು. ಆಮೇಲೆ ಹಾಗೇ ನಡೆದುಕೊಂಡಳು.

ನಮ್ಮ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ ಇವೆ. ಓದುವ ಹುಡುಗರಿಗೆ ಬಾಡಿಗೆಗೆ ಕೊಡುತ್ತೇವೆ. ಅವ್ವ ಬಂದ ಮೇಲೆ ಅಲ್ಲಿಗೆ ಬಂದವರು ಸಮುದ್ರದಾಚೆಯ, ಅರಬ್ಬಿ ಮಾತಾಡುವ ಒಂದು ದೇಶದ ಇಬ್ಬರು. ಔಷಧಶಾಸ್ತ್ರ ಓದಲು ಬಂದಿದ್ದರು. ದೇಶದ ಹೆಸರು ಬರೆಯುವುದಿಲ್ಲ. ಇವರಲ್ಲೊಬ್ಬನ ತಾಯಿ ಇನ್ನೂ ಅಲ್ಲೇ ಇದ್ದಾಳೆ, ನನಗೆ ಇನ್ನೂ ಅಂಜಿಕೆ. ಹಿಂದೊಮ್ಮೆ ಅದು ಉತ್ತರ, ದಕ್ಷಿಣ ಎಂದು ಎರಡು ದೇಶವಾಗಿತ್ತಂತೆ, ಆಮೇಲೆ ಒಂದಾದದ್ದಂತೆ. ಒಬ್ಬ ಉತ್ತರದವನು, ಎತ್ತರದ ಆಳು. ಇನ್ನೊಬ್ಬ ದಕ್ಷಿಣದವನು, ಕನ್ನಡಕದವನು. ಅವ್ವ ಅವರನ್ನು ‘ಉದ್ದಾನಾಂವ’, ‘ಚಾಳೀಸಿನಾಂವ’ ಎಂದು ಕರೆದಳು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ. ಹುಡುಗರು ನನಗೆ ಕಾಕೂ ಅಂದರೆ ಚಿಕ್ಕಮ್ಮ ಎಂದೂ ಅವ್ವನಿಗೆ ಆಜಿ ಎಂದೂ ಮರಾಠಿಯಲ್ಲೇ ಕರೆಯುತ್ತಿದ್ದರು. ಅವರ ಮಾತು ಹಿಂದಿಗೆ ಮುರುಕು ಮರಾಠಿ ಸೇರಿಸಿದ್ದು. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ವರ್ಷ ಮೇಲಿನಿಂದ ಒಂದೇ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಬ್ಬ ಮಾಂಸ ಬೇಯಿಸಿದರೆ ಇನ್ನೊಬ್ಬ ರೊಟ್ಟಿ ಸುಡುತ್ತಿದ್ದ. ಸಂಜೆ ಮೆಟ್ಟಿಲ ಮೇಲೆ ಕೂತು ಒಬ್ಬರನ್ನೊಬ್ಬರು ಅಣಕಿಸುವುದೇ ಅವರ ಆಟ. ಉತ್ತರದವರು ‘ಜ’ ಅನ್ನುವ ಕಡೆಯಲ್ಲೆಲ್ಲ ದಕ್ಷಿಣದವರು ‘ಗ’ ಅನ್ನುತ್ತಾರೆ. ಒಂಟೆಗೆ ಇವನು ಜಮಲ್ ಅಂದರೆ ಅವನು ಗಮಲ್. ‘ಇವನ ಒಂಟೆಗೆ ನೆಗಡಿಯಾಗಿದೆ, ಕಾಕೂ’ ಎಂದು ಉದ್ದನೆಯವನು ನಗುತ್ತಿದ್ದ. ‘ಇವನ ಒಂಟೆ ಜಾರಿ ಬಿದ್ದಿದೆ’ ಎಂದು ಚಾಳೀಸಿನವನು ತಿರುಗಿ ಕೊಡುತ್ತಿದ್ದ.

ಅವ್ವನಿಗೆ ಇದು ಭಾಳ ಸೇರಿತು. ‘ನಾವು ಅದ ಅಂತೀವಿ, ಮೈಸೂರ ಕಡೆ ಇದೆ ಅಂತಾರ. ಹಂಗ ಇವರದೂ. ಅಷ್ಟಕ್ಕ ಯಾರರ ಬಡದಾಡ್ತಾರೇನು?’ ಎಂದಳು.

ಬಡಿದಾಡಿದರು. ಎರಡನೆಯ ವರ್ಷ ಅವರ ದೇಶದಲ್ಲಿ ಉತ್ತರದವರೂ ದಕ್ಷಿಣದವರೂ ಯುದ್ಧಕ್ಕೆ ಬಿದ್ದರು. ಯಾರು ಮೊದಲು ಗುಂಡು ಹಾರಿಸಿದರೆಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ, ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟರು. ಕೆಲವೇ ದಿನಗಳಲ್ಲಿ ಒಂದು ದೇಶ ಮತ್ತೆ ಎರಡಾಯಿತು. ಪಾಸ್‌ಪೋರ್ಟು ಕೊಡುವ ಕಚೇರಿ ಎರಡಾಯಿತು, ಒಂದರ ಮುದ್ರೆ ಇನ್ನೊಂದಕ್ಕೆ ನಡೆಯುವುದಿಲ್ಲ. ಎರಡು ರೇಡಿಯೋ, ಎರಡು ಸುದ್ದಿ. ಹಬ್ಬದ ಚಂದ್ರ ಕೂಡ ಒಂದು ಕಡೆ ಕಂಡರೆ ಇನ್ನೊಂದು ಕಡೆ ಕಾಣಲಿಲ್ಲ ಎನ್ನತೊಡಗಿದರು. ಚಾಳೀಸಿನವನ ಚಿಕ್ಕಪ್ಪನ ಮಗ ಶೆಲ್ ಬಿದ್ದು ಸತ್ತ. ಉದ್ದನೆಯವನ ತಮ್ಮ ಕಾಲೇಜು ಬಿಟ್ಟು ಉತ್ತರದವರ ಪಡೆ ಸೇರಿದ. ಆ ಎರಡೂ ಸುದ್ದಿ ಬಂದ ವಾರದಿಂದ ಮೇಲೆ ಮಾತು ನಿಂತಿತು. ಚಾಳೀಸಿನವನು ಹೋಗಿ ಒಂದು ಸಣ್ಣ ಎಲೆಕ್ಟ್ರಿಕ್ ಒಲೆ ತಂದುಕೊಂಡ. ಈಗ ಮೆಟ್ಟಿಲಲ್ಲಿ ಎರಡು ವಾಸನೆ ಇಳಿದು ಬರುತ್ತಿದ್ದವು.

ನನ್ನ ಅಂಜಿಕೆಯನ್ನು ಏನು ಹೇಳಲಿ. ಒಂದೇ ಕೋಣೆಯಲ್ಲಿ ಇಬ್ಬರು, ಮೂಲೆಯ ಕಟ್ಟೆಯ ಮೇಲೆ ಮಾಂಸ ಕೊಚ್ಚುವ ಕತ್ತಿ. ಮೇಲೆ ಸ್ಟೂಲು ಬಿದ್ದ ಸದ್ದಾದರೆ ನಾನು ಕೆಳಗೆ ಹಿಟ್ಟಿನ ಕೈಯಲ್ಲೇ ನಿಂತುಬಿಡುತ್ತಿದ್ದೆ. ಇನ್ನೊಂದು ಸದ್ದು ಬರುವವರೆಗೆ ಉಸಿರಾಡುತ್ತಿರಲಿಲ್ಲ.

‘ಖಾಲಿ ಮಾಡಸೋಣು. ಊರ ಉಸಾಬರಿ ನಮಗ್ಯಾಕ?’ ಎಂದರು ನಮ್ಮನೆಯವರು.

‘ಯಾರನ್ನ ಹೊರಗ ಹಾಕ್ತೀರಿ? ಒಬ್ಬನ್ನ ಹಾಕಿದ್ರ ಇನ್ನೊಬ್ಬನ ಕಡೆ ಆದಂಗ’ ಎಂದೆ. ಇಬ್ಬರನ್ನೂ ಹಾಕಬಹುದಿತ್ತು. ಅದನ್ನು ಹೇಳಲೂ ಅಂಜಿಕೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಚಾಳೀಸಿನವನು ನಮ್ಮ ಪಡಸಾಲೆಗೆ ಬಂದು, ನೀರು ಕೇಳಿ, ಕುಡಿಯದೆ ಲೋಟ ಹಿಡಿದುಕೊಂಡು ಕೂತ. ಅವನ ತಾಯಿ ಕಣ್ಣಿನ ಪೊರೆ ತೆಗೆಸಲು ಉತ್ತರದ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿದ್ದಳು. ಆಗಲೇ ಯುದ್ಧ ಬಿದ್ದು ದಾರಿ ಮುಚ್ಚಿತು. ಆಸ್ಪತ್ರೆಯ ಹಿಂದಿನ ಒಂದು ವಸತಿಯಲ್ಲಿ ತಿಂಗಳುಗಟ್ಟಲೆ ಒಬ್ಬಳೇ ಸಿಕ್ಕಿಬಿದ್ದಿದ್ದಾಳೆ. ಈಗ ಕಾಯಿಲೆಯವರನ್ನೂ ಹೆಂಗಸರನ್ನೂ ದಕ್ಷಿಣಕ್ಕೆ ಒಯ್ಯುವ ಒಂದು ಜೀಪು ಹೊರಡುವುದಿದೆ. ಅದರಲ್ಲಿ ಜಾಗ ಸಿಕ್ಕಿದೆ. ಆದರೆ ದಾರಿಯುದ್ದಕ್ಕೂ ಉತ್ತರದವರ ಕಾವಲು ಕಟ್ಟೆಗಳು.

‘ಕಾಗದ ನೋಡುತ್ತಾರಾ?’ ಎಂದೆ.

‘ಹೆಂಗಸರ ಕಾಗದ ಕೇಳುವುದಿಲ್ಲ, ಮುಸುಕು ತೆಗೆಸುವುದಿಲ್ಲ. ಮಾತಾಡಿಸುತ್ತಾರೆ ಅಷ್ಟೆ’ ಎಂದ. ‘ಗ ಅಂದರೆ ಇಳಿಸುತ್ತಾರೆ. ಇಳಿಸಿದವರು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿಲ್ಲ, ಕಾಕೂ.’

ಮುಖ ಕಾಣದ ಒಬ್ಬ ಮುದುಕಿ, ಒಂದು ಅಕ್ಷರ, ಅದರಾಚೆ ಬಂದೂಕು. ನನಗೆ ಬೇರೆ ಏನೂ ಹೊಳೆಯದೆ ಅವ್ವನಿಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ: ಬಾಯಿ ಮುಚ್ಚಿಕೊಂಡು ಕೂರಲಿ. ಮಾತಾಡದವರನ್ನು ಮೊದಲು ಇಳಿಸುತ್ತಾರೆ ಎಂದ ಅವನು.

ಅವ್ವ ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಏನಂತೆ ಎಂದು ಕೇಳಿದಳು, ಹೇಳಿದೆ. ಬೆಳ್ಳುಳ್ಳಿಯ ಮೊರ ಸರಿಸಿ ಎದ್ದವಳೇ ಎರಡು ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ನಾನು ಹಿಂದೆ ಓಡಿದೆ. ಮೇಲೆ ಉದ್ದನೆಯವನು ಬಟ್ಟೆ ಒಣಹಾಕುತ್ತಿದ್ದ. ಅವ್ವ ತಟ್ಟೆಯನ್ನು ಅವನ ಕೈಗಿಟ್ಟು ಅಚ್ಚ ಕನ್ನಡದಲ್ಲಿ ಹೇಳಿದಳು: ‘ಆಕಿಗೆ ನಿಮ್ಮ ಜ ಕಲಸು. ನೀನ ಕಲಸಬೇಕು, ಮತ್ತ್ಯಾರಿಗೆ ಬರತದ?’

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ನನ್ನನ್ನು ನೋಡಿದ. ಹಿಂದಿಯಲ್ಲಿ ಹೇಳದೆ ನನಗೆ ಗತಿಯಿರಲಿಲ್ಲ. ಹೇಳುತ್ತಿದ್ದಂತೆಯೇ ನಾನು ಏನು ಮಾಡಿದೆ ಎಂದು ಹೊಳೆಯಿತು. ಇವನ ತಮ್ಮ ಅಂಥದೇ ಒಂದು ಕಟ್ಟೆಯಲ್ಲಿ ಬಂದೂಕು ಹಿಡಿದು ನಿಂತಿರುವವನು. ಇವನು ಅವನಿಗೊಂದು ಫೋನು ಮಾಡಿದರೆ ಸಾಕು. ನಾನು, ಅವ್ವ ಸೇರಿ ಆ ತಾಯಿಯನ್ನು ಹಿಡಿದುಕೊಟ್ಟಂತಾಯಿತು.

ಅವನು ತಟ್ಟೆ ಕೆಳಗಿಟ್ಟು ಒದ್ದೆ ಅಂಗಿಯ ತೋಳು ಹಿಂಡಿದ. ಆಮೇಲೆ, ‘ತಾಯಿಗೆ ಫೋನು ಹಚ್ಚಲು ಅವನಿಗೆ ಹೇಳಿ’ ಎಂದ.

ಮರುದಿನದಿಂದ ಮಧ್ಯಾಹ್ನ ಊಟವಾದ ಮೇಲೆ ಪಾಠ. ಸಿಗ್ನಲ್ ಚೆನ್ನಾಗಿ ಸಿಗುವುದು ಮೆಟ್ಟಿಲ ತಿರುವಿನಲ್ಲಿ ಮಾತ್ರ. ಚಾಳೀಸಿನವನು ಫೋನು ಹಚ್ಚಿ, ಮೆಟ್ಟಿಲ ಮೇಲಿಟ್ಟು, ಕೋಣೆಯೊಳಗೆ ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದ. ಉದ್ದನೆಯವನು ಬಂದು ಅದರ ಮುಂದೆ ಕೂರುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆ ಕಡೆಯಿಂದ ಹೆಂಗಸಿನ ಸಣ್ಣ ದನಿ.

ಆಕೆ ಹೇಳಬೇಕಾದ ಮಾತು ಇಷ್ಟೇ: ನಾನು ಮುದುಕಿ, ಕಣ್ಣು ಕಾಣುವುದಿಲ್ಲ, ಇವರು ನಮ್ಮ ನೆರೆಮನೆಯವರು, ಇವರ ಜೊತೆ ಹೊರಟಿದ್ದೇನೆ. ಅದರಲ್ಲಿ ಎರಡು ಕಡೆ ಗಂಡಾಂತರ. ಮುದುಕಿಗೆ ಉತ್ತರದವರು ಅಜೂಝ್ ಅನ್ನುತ್ತಾರೆ, ಈಕೆ ಅಗೂಝ್. ನೆರೆಮನೆಯವರಿಗೆ ಅವರು ಜಾರ್ ಅನ್ನುತ್ತಾರೆ, ಈಕೆ ಗಾರ್.

‘ಜಾರ್’ ಎನ್ನುವನು ಉದ್ದನೆಯವನು.

‘ಗಾರ್’ ಎನ್ನುವಳು ತಾಯಿ.

‘ಜಾರ್.’

‘ಗಾರ್.’

ಕೆಳಗಿನ ಮೆಟ್ಟಿಲಲ್ಲಿ ಕೂತ ಅವ್ವ, ‘ಜಾರ್ ಅಂದ್ರ ಏನ?’ ಎಂದು ಕೇಳಿದಳು. ಹೇಳಿದೆ. ‘ಛಲೋ ಆತು, ನಮ್ಮ ಕಡೆ ಜಾರೂದು ಅಂದ್ರ ಕಾಲು ಜಾರೂದು. ಜಾರಬ್ಯಾಡ ಅಂತ ಹೇಳಿ ಕಲಸು ಅನ್ನು’ ಎಂದಳು. ಅಜೂಝ್ ಕೇಳಿ ಅವಳಿಗೆ ಇನ್ನೂ ಖುಷಿ. ‘ಅಜ್ಜಿ ಅಂದಂಗ ಅದ.’ ಬೆಳ್ಳುಳ್ಳಿ ಸುಲಿಯುತ್ತಾ ಅವಳೂ ಅಜೂಜ, ಅಜೂಜ ಎಂದು ಗುನುಗುತ್ತಿದ್ದಳು. ಫೋನಿನ ಆ ಕಡೆಯವಳು ಅದನ್ನು ಕೇಳಿ ಯಾರದು ಎಂದು ವಿಚಾರಿಸಿದಳಂತೆ. ಇಲ್ಲಿಯ ಅಜ್ಜಿಗೆ ಮೊದಲ ದಿನವೇ ಬಂತು, ನಿಮಗೆ ಬರುತ್ತಿಲ್ಲ ಎಂದು ಉದ್ದನೆಯವನು ಮಾಸ್ತರನ ಹಾಗೆ ಗದರಿದ. ಆಕೆ ನಕ್ಕಳು. ಬಾಗಿಲ ಹಿಂದಿನಿಂದಲೂ ಒಂದು ಸದ್ದು ಬಂತು. ನಕ್ಕದ್ದೋ ಅತ್ತದ್ದೋ ತಿಳಿಯಲಿಲ್ಲ.

ಹೊರಡುವ ದಿನ ಹತ್ತಿರವಾಗುವ ಹೊತ್ತಿಗೆ ಆಕೆಯ ‘ಜ’ ಕುದುರಿತು. ಉದ್ದನೆಯವನು ಇದ್ದಕ್ಕಿದ್ದಂತೆ, ಕೂಗಿ, ಹೆದರಿಸಿ ಕೇಳುತ್ತಿದ್ದ. ಬಂದೂಕಿನವರು ಮೆಲ್ಲಗೆ ಕೇಳುವುದಿಲ್ಲವಲ್ಲ. ನಿದ್ದೆಗಣ್ಣಲ್ಲಿ ಕೇಳಿದರೂ ‘ಜ’ ಬರಬೇಕು ಎಂದು ಅವನ ಹಟ. ಬಂತು. ನಮಗೆಲ್ಲ ಸಮಾಧಾನವಾಯಿತು. ನನಗೆ ಮಾತ್ರ ಇವನು ತಮ್ಮನಿಗೆ ಹೇಳಿದ್ದಾನೋ ಇಲ್ಲವೋ ಎಂಬ ಅಂಜಿಕೆ ಹೋಗಲಿಲ್ಲ.

ಜೀಪು ಹೊರಟ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಖಾಲಿ ಮಾಡಿಸೋಣ ಎಂದಿದ್ದ ನಮ್ಮನೆಯವರೂ ಟಿವಿ ಹಚ್ಚದೆ ಕೂತರು. ಚಾಳೀಸಿನವನು ಪಡಸಾಲೆಯಲ್ಲಿ, ಉದ್ದನೆಯವನು ಮೆಟ್ಟಿಲ ಮೇಲೆ. ಜೀಪಿನ ಡ್ರೈವರ್ ಒಂದೊಂದು ಕಟ್ಟೆ ದಾಟಿದ ಮೇಲೆ ಒಂದು ಮಿಸ್ ಕಾಲ್ ಕೊಡಬೇಕು ಎಂದು ಮಾತಾಗಿತ್ತು. ಒಂದು ಬಂತು. ಇನ್ನೊಂದು ಬಂತು. ಉತ್ತರದವರ ಕೊನೆಯ ಕಟ್ಟೆಯಿಂದ ಮಿಸ್ ಕಾಲ್ ಬದಲು ಫೋನೇ ಬಂತು, ಮಾತಾಡಿದವನು ಡ್ರೈವರ್ ಅಲ್ಲ. ಕಾವಲಿನವನು. ಈ ಮುದುಕಿ ಯಾರು, ಪುಣೆಯಲ್ಲಿ ಇವಳಿಗೆ ಯಾರಿದ್ದಾರೆ ಎಂದು ಗದರುತ್ತಿದ್ದ. ಚಾಳೀಸಿನವನು ಬಾಯಿ ತೆರೆದರೆ ‘ಗ’ ಬೀಳುತ್ತದೆ. ಅವನು ಬಿಳಿಚಿಕೊಂಡು ಫೋನನ್ನು ಮುಂದೆ ಚಾಚಿದ. ಉದ್ದನೆಯವನು ಮೆಟ್ಟಿಲಿಂದ ಹಾರಿ ಬಂದು ಕಸಿದುಕೊಂಡು, ಏನೋ ಜೋರಾಗಿ, ಸಿಟ್ಟಿನಿಂದ ಮಾತಾಡಿದ. ಆಮೇಲೆ ಇಟ್ಟ.

‘ಏನಂದೆ?’ ಎಂದೆ.

‘ನನ್ನ ತಾಯಿ ಅಂದೆ’ ಎಂದ. ‘ಮುದುಕಿಯನ್ನು ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಬೈದೆ.’

ಸ್ವಲ್ಪ ಹೊತ್ತಿಗೆ ಮಿಸ್ ಕಾಲ್ ಬಂತು. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಇನ್ನು ಮುಂದಿರುವುದು ದಕ್ಷಿಣದವರ ಕಟ್ಟೆ, ತಮ್ಮವರದೇ, ಇನ್ನೇನು ಮನೆಗೆ ಬಂದ ಹಾಗೆ ಎಂದು ಚಾಳೀಸಿನವನು ಕಣ್ಣೊರೆಸಿಕೊಂಡ. ನಾನು ಚಹಾಕ್ಕೆ ಇಟ್ಟೆ.

ಚಹಾ ಕುದಿಯುವ ಮೊದಲು ಫೋನು ಬಂತು. ಡ್ರೈವರ್ ಅಳುತ್ತಿದ್ದ. ದಕ್ಷಿಣದ ಕಟ್ಟೆಯಲ್ಲಿ ಹುಡುಗನೊಬ್ಬ ಬಂದೂಕಿನ ತುದಿಯಿಂದ ಜೀಪಿನ ಬಾಗಿಲು ಬಡಿದು, ಯಾರು ನೀನು ಎಂದು ಕೂಗಿದ. ಆಕೆ ಹೆದರಿ ಕಲಿತದ್ದನ್ನೇ ಒಪ್ಪಿಸಿಬಿಟ್ಟಳು: ಅಜೂಝ್. ಜಾರ್. ಉತ್ತರದವರ ಬೇಹಿನವಳು ಎಂದು ತನ್ನವರೇ ಅವಳನ್ನು ಇಳಿಸಿಕೊಂಡರು. ನಾನು ನಿಮ್ಮವಳೇ ಎಂದು ಹೇಳಹೋದರೂ ಆ ಗಾಬರಿಯಲ್ಲಿ ಬಾಯಿಂದ ‘ಜ’ವೇ ಬರುತ್ತಿದೆ.

ಮಗನ ‘ಗ’ವನ್ನು ನಂಬದ ಕಟ್ಟೆಯವರು, ಅವಳೇ ಹೇಳಲಿ ಎಂದು ಫೋನನ್ನು ಆಕೆಯ ಕಿವಿಗೆ ಹಿಡಿದರು. ಚಾಳೀಸಿನವನು ನಮ್ಮ ಪಡಸಾಲೆಯ ನಡುವೆ ನಿಂತು, ‘ಅಮ್ಮಾ, ಗ. ಗ ಅನ್ನು. ಗ’ ಎಂದು ಕೂಗತೊಡಗಿದ. ಮಗುವಿಗೆ ಅಕ್ಷರ ಕಲಿಸುವ ಹಾಗೆ. ಆ ಕಡೆಯಿಂದ ಜ, ಜ ಎಂದು ಬಿಕ್ಕುವುದು ನಮಗೆಲ್ಲ ಕೇಳುತ್ತಿತ್ತು. ಉದ್ದನೆಯವನು ಮೆಟ್ಟಿಲ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಅವನೂ ಗ ಅನ್ನುತ್ತಿದ್ದ. ಫೋನು ಕಡಿದುಹೋಯಿತು.

ಆ ಸಂಜೆಯವರೆಗಿನ ಅಂಜಿಕೆಯನ್ನು ನಾನು ಹೆರಿಗೆಯಲ್ಲೂ ಕಂಡಿರಲಿಲ್ಲ. ಒಲೆಯ ಮೇಲಿನ ಚಹಾ ಉಕ್ಕಿ ಆರಿಹೋಗಿತ್ತು, ಯಾರೂ ಒರೆಸಲಿಲ್ಲ. ದೇವರೇ, ನಮ್ಮ ಮನೆಯ ಮೆಟ್ಟಿಲ ಮೇಲೆ ಕಲಿಸಿದ ಅಕ್ಷರಕ್ಕೆ ಒಂದು ಜೀವ ಹೋಗದಿರಲಿ ಎಂಬುದೊಂದೇ ನನ್ನ ಪ್ರಾರ್ಥನೆ. ಅವ್ವ ದೀಪ ಆರದಂತೆ ಎಣ್ಣೆ ಹಾಕುತ್ತಲೇ ಇದ್ದಳು.

ಆ ತಾಯಿಯನ್ನು ಬಿಡಿಸಿದ್ದು ಆಕೆಯ ಯಾವ ಮಾತೂ ಅಲ್ಲ. ಡ್ರೈವರ್ ಹತ್ತಿರದ ಊರಿಗೆ ಹೋಗಿ ಆಕೆಯ ಓಣಿಗೆ ಹೇಳಿಕಳುಹಿಸಿದ. ಆಕೆಯ ಪಕ್ಕದ ಮನೆಯ ರೊಟ್ಟಿ ಅಂಗಡಿಯವನು ಹಿಟ್ಟು ಮೆತ್ತಿದ ಬಟ್ಟೆಯಲ್ಲೇ ಮೋಟರ್ ಸೈಕಲ್ ಹತ್ತಿ ಬಂದು, ಇವಳು ನಮ್ಮ ಗಾರ್, ನಮ್ಮ ನೆರೆಯವಳು ಎಂದು ಸಾಕ್ಷಿ ಹೇಳಿದ. ಕತ್ತಲಾಗುವ ಮೊದಲು ಮನೆ ಸೇರಿದಳು.

ಅವರಿಬ್ಬರೂ ಮತ್ತೆ ಒಂದೇ ಒಲೆಯ ಮೇಲೆ ಅಡುಗೆ ಮಾಡಿದರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಉದ್ದನೆಯವನು ತಿಂಗಳೊಳಗೆ ಬೇರೆ ಕಡೆ ಕೋಣೆ ಹಿಡಿದ. ಹೋಗುವಾಗ ಚಾಳೀಸಿನವನು ಅವನ ಪೆಟ್ಟಿಗೆಯನ್ನು ಗೇಟಿನವರೆಗೆ ಹೊತ್ತುಕೊಟ್ಟ. ಇಬ್ಬರೂ ನನಗೆ ಬೇರೆ ಬೇರೆಯಾಗಿ ಫೋನು ಮಾಡುತ್ತಾರೆ, ಒಬ್ಬನು ಇನ್ನೊಬ್ಬನ ಸುದ್ದಿ ಕೇಳುತ್ತಾನೆ. ಉದ್ದನೆಯವನು ತನ್ನ ತಮ್ಮನಿಗೆ ಏನೂ ಹೇಳಿರಲಿಲ್ಲ. ಆ ತಮ್ಮ ಎಲ್ಲಿದ್ದಾನೆಂದು ಈಗ ಅವನಿಗೇ ಗೊತ್ತಿಲ್ಲ. ಯುದ್ಧ ನಿಂತಿಲ್ಲ. ಚಾಳೀಸಿನವನ ತಾಯಿ ಮನೆಯಿಂದ ಹೊರಗೆ ಬರುವುದೇ ಅಪರೂಪವಂತೆ. ಅಂಗಡಿಗೆ ಹೋದರೂ ಬೆರಳು ತೋರಿಸಿ ಸಾಮಾನು ತರುತ್ತಾಳೆ. ಬಾಯಿ ತೆರೆದರೆ ಯಾವ ಅಕ್ಷರ ಬೀಳುತ್ತದೋ ಆಕೆಗೇ ತಿಳಿಯದು.

ಇದನ್ನು ಕೇಳಿದ ಕೆಲವು ದಿನ ಬಿಟ್ಟು ಅವ್ವ, ‘ನನ್ನ ಊರಿಗೆ ಬಿಟ್ಟ ಬಾ, ತಂಗಿ ಮನ್ಯಾಗ ನಾಕ ದಿನ ಇದ್ದು ಬರ್ತೀನಿ’ ಎಂದಳು.

ಸ್ವಾರಗೇಟಿಗೆ ಕರೆದುಕೊಂಡು ಹೋದೆ. ನಮ್ಮ ಕಡೆಯ ಬಸ್ಸು ನಿಂತಿತ್ತು, ಹಣೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಅಕ್ಷರ. ಒಳಗೆ ಕೂತವರೆಲ್ಲ ನಮ್ಮ ಮಾತೇ ಆಡುತ್ತಿದ್ದರು. ಯಾರೋ ಮಗುವಿಗೆ ‘ಹಂಗ ಮಾಡಬ್ಯಾಡಪಾ’ ಎನ್ನುತ್ತಿದ್ದರು. ಎಷ್ಟೋ ದಿನಗಳ ಮೇಲೆ ನನ್ನ ಹೆಗಲು ಸಡಿಲವಾಯಿತು. ಕಂಡಕ್ಟರ್ ಬಂದು, ನಗುತ್ತಾ, ‘ಎಲ್ಲಿಗ್ರಿ ಅಜ್ಜೀ?’ ಎಂದ.

ಅವ್ವ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು.

‘ಮಾತಾಡವ್ವ, ಇದು ನಮ್ಮ ಬಸ್ಸ ಅದ’ ಎಂದೆ.

ಅವಳು ಕಂಡಕ್ಟರನನ್ನೊಮ್ಮೆ, ಹಿಂದಿನ ಸೀಟನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ‘ಧಾರವಾಡ ಅಂತ ಹೇಳು’ ಎಂದಳು.